ಇಂಗ್ಲಿಷ್ ತರಗತಿಯಲ್ಲಿ ಮಾನವ ಹಕ್ಕು, ಪೌರಪ್ರಜ್ಞೆ ಕಲಿಸಲು ಸಾಧ್ಯವೇ?

ಖಂಡಿತ ಸಾಧ್ಯ, ಅದಕ್ಕೆ ಪ್ರತ್ಯೇಕ ಪಿರಿಯಡ್ ಬೇಕಿಲ್ಲ. ನಾನು ಮೂಡಿಗೆರೆ ಕಡೆಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳಲ್ಲಿ ಅನೇಕರು ಕಾಫಿ ತೋಟದ ಲೈನ್ ಮನೆಗಳಿಂದ ಬರುವವರು.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯೇ ನನ್ನ ಪಾಠ. ಕರಡಿನಲ್ಲಿ ‘ಆಲ್ ಮೆನ್’ ಎಂದಿತ್ತು. ಅದು ‘ಆಲ್ ಹ್ಯೂಮನ್ ಬೀಯಿಂಗ್ಸ್’ ಆಗಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಎರಡನ್ನೂ ಬೋರ್ಡಿನ ಮೇಲೆ ಬರೆದು, ‘ಮೊದಲನೆಯದರಲ್ಲಿ ನಿಮ್ಮ ಅಮ್ಮ ಇದ್ದಾರೆಯೇ?’ ಎಂದು ಕೇಳುತ್ತೇನೆ. ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ! ಒಂದೇ ಒಂದು ಪದದ ಆಯ್ಕೆ ಯಾರನ್ನು ಹೊರಗಿಡಬಲ್ಲದು ಎಂಬುದು ಆಗ ಅವರಿಗೆ ತಾನಾಗಿಯೇ ಹೊಳೆಯುತ್ತದೆ.

ವ್ಯಾಕರಣವನ್ನೂ ಹೀಗೆಯೇ ಬಳಸಬಹುದು. ‘ಕೂಲಿ ಕೊಡಲಾಗಿಲ್ಲ’ ಎಂಬ ಕರ್ಮಣಿ ವಾಕ್ಯವನ್ನು ಇಂಗ್ಲಿಷಿನಲ್ಲಿ ಕರ್ತರಿಗೆ ತಿರುಗಿಸಲು ಹೇಳಿ. ಕೊಡದವರು ಯಾರೆಂದು ಬರೆಯದೆ ವಾಕ್ಯ ಪೂರ್ತಿಯಾಗುವುದಿಲ್ಲ.

ಚರ್ಚೆ ಕಾವೇರಿದಾಗ ಮಕ್ಕಳು ಕನ್ನಡಕ್ಕೆ ಹೊರಳುತ್ತಾರೆ, ದಯವಿಟ್ಟು ತಡೆಯಬೇಡಿ. ಮೊದಲು ಮನಸ್ಸಿನಲ್ಲಿರುವುದನ್ನು ಹೇಳಲಿ. ಆಮೇಲೆ ಅದೇ ಮಾತನ್ನು ಎಲ್ಲರೂ ಸೇರಿ ಇಂಗ್ಲಿಷಿಗೆ ತಂದರಾಯಿತು.