ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಮಿನಿ ಟ್ರಾಕ್ಟರ್ ನಿಂತರೆ

ಹೊಸ ಡೀಸೆಲ್ ಫಿಲ್ಟರ್ ಹಾಕಿದ ಮೇಲೆ ಎರಡು ನಿಮಿಷ ಓಡಿ ನಿಂತಿತು, ಡೀಸೆಲ್ ಪಂಪು ಬಿಚ್ಚಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬಿಚ್ಚಿಸಬೇಡಿ. ಹೆಚ್ಚಾಗಿ ಇದು ಡೀಸೆಲ್ ಲೈನಿನಲ್ಲಿ ಸೇರಿಕೊಂಡ ಗಾಳಿಯ ಕೆಲಸ.

ಫಿಲ್ಟರ್ ತಲೆಯ ಮೇಲಿನ, ಗಾಳಿ ಹೊರಬಿಡುವ ಏರ್ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಹೋಗಿ. ಮೊದಲು ಬಿಳಿ ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಅದು ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಮಾಡಿ. ಸುಮ್ನೆ ಸೆಲ್ಫ್ ಹೊಡೀತಾ ಇರಬೇಡಿ, ಬ್ಯಾಟರಿ ಹೋಗುತ್ತದೆ.

ಮತ್ತೆ ಗಾಳಿ ಹಿಡಿದರೆ ಫಿಲ್ಟರ್ ಬಿಚ್ಚಿ ನೋಡಿ. ಹಳೇ ಫಿಲ್ಟರಿನ ರಬ್ಬರ್ ವಾಷರ್ ಫಿಲ್ಟರ್ ತಲೆಗೇ ಅಂಟಿಕೊಂಡಿರಬಹುದು. ನನಗೂ ಹೀಗೇ ಆಗಿತ್ತು, ಉಳುಮೆ ದಿನ ಅರ್ಧ ಹೊತ್ತು ಹಾಳಾಯಿತು. ಎರಡು ವಾಷರ್ ಒಂದರ ಮೇಲೊಂದು ಕೂತರೆ ಎಷ್ಟು ಬಿಗಿ ಮಾಡಿದರೂ ಗಾಳಿ ಎಳೆಯುತ್ತದೆ.