ಪಾಸ್‌ವರ್ಡ್ ಪರೀಕ್ಷೆಗೆ ಜಾನ್ ದ ರಿಪ್ಪರ್ ಒಳ್ಳೆಯದೋ, ಹ್ಯಾಶ್‌ಕ್ಯಾಟ್ ಒಳ್ಳೆಯದೋ?

ಹಾಸನದ ಸಹಕಾರ ಸಂಘವೊಂದರ ಸಿಬ್ಬಂದಿಯ ಪಾಸ್‌ವರ್ಡ್‌ಗಳು ಎಷ್ಟು ಗಟ್ಟಿ ಎಂದು ಸಂಘವೇ ನೋಡಲು ಹೇಳಿದೆ, ಯಾವ ಟೂಲ್ ಬಳಸಲಿ ಎಂದು ಕೇಳಿದ್ದೀರಿ. ಇವೆರಡೂ ಪಾಸ್‌ವರ್ಡ್ ಊಹಿಸಿ ಮುರಿದು ನೋಡುವ ಟೂಲ್‌ಗಳು.

ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಜಾನ್ ಸಾಕು. 1996ರಿಂದಲೂ ಇರುವ ಟೂಲ್. ಹ್ಯಾಶ್ (ಪಾಸ್‌ವರ್ಡ್‌ನ ಬದಲು ಕಂಪ್ಯೂಟರ್ ಉಳಿಸಿಡುವ, ಹಿಂದಕ್ಕೆ ತಿರುಗಿಸಲಾಗದ ಗುರುತು) ಯಾವ ಬಗೆಯದೆಂದು ಬಹುಮಟ್ಟಿಗೆ ತಾನೇ ಊಹಿಸುತ್ತದೆ. ಲಾಕ್ ಆದ ಜಿಪ್, ಪಿಡಿಎಫ್ ಫೈಲ್‌ಗಳಿಂದ ಹ್ಯಾಶ್ ತೆಗೆಯುವ ಸಣ್ಣ ಪ್ರೋಗ್ರಾಂಗಳೂ ಅದರ ಜಂಬೋ ಆವೃತ್ತಿಯಲ್ಲೇ ಇವೆ. ಕಾರ್ಡ್ ಇದ್ದರೆ ಹ್ಯಾಶ್‌ಕ್ಯಾಟ್. ವಿಂಡೋಸ್‌ನ ಎನ್‌ಟಿಎಲ್‌ಎಂ ಅಥವಾ ಎಂಡಿ5 ಹ್ಯಾಶ್‌ಗಳಲ್ಲಿ ಅದರ ವೇಗ ನೋಡಿಯೇ ನಂಬಬೇಕು. ಬಿಕ್ರಿಪ್ಟ್ ಬಗೆಯ ಹ್ಯಾಶ್ ಎದುರಾದರೆ ಎರಡೂ ತೆವಳುತ್ತವೆ, ಅದನ್ನು ರೂಪಿಸಿದ್ದೇ ಹಾಗೆ. ಹೈಡ್ರಾ ಎಂಬ ಇನ್ನೊಂದು ಟೂಲ್‌ನ ಸುದ್ದಿಗೆ ಈಗ ಹೋಗಬೇಡಿ. ಅದು ನೇರವಾಗಿ ಲಾಗಿನ್ ಪುಟಕ್ಕೇ ಬಡಿಯುತ್ತದೆ, ಸಂಘದವರ ಖಾತೆಗಳು ಲಾಕ್ ಆಗಿ ಬೈಸಿಕೊಳ್ಳುತ್ತೀರಿ.

ಆದರೆ ನಿಜವಾದ ಕೆಲಸ ಇರುವುದು ಪದಪಟ್ಟಿಯಲ್ಲಿ, ಅಂದರೆ ಟೂಲ್ ಒಂದೊಂದಾಗಿ ಹಾಕಿ ನೋಡುವ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ. ಎಲ್ಲರೂ ಬಳಸುವ ರಾಕ್‌ಯೂ ಪಟ್ಟಿ 2009ರಲ್ಲಿ ಅಮೆರಿಕದ ಕಂಪನಿಯೊಂದರಿಂದ ಸೋರಿದ್ದು. ನಮ್ಮ ಕಡೆಯವರು ಇಡುವುದು ಹಾಸನಾಂಬ@123, ಹೊಯ್ಸಳ2024, ಮಗಳ ಹೆಸರಿನ ಮುಂದೆ ಸ್ಕೂಟರ್ ನಂಬರ್. ಊರು, ಮನೆದೇವರು, ಕೆಎ13, ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ, ಕಾಗುಣಿತ ಬದಲಿಸಿ ಬದಲಿಸಿ ನಿಮ್ಮದೇ ಪಟ್ಟಿ ಮಾಡಿ. ಕೊನೆಗೆ ಅಂಕಿ, ಚಿಹ್ನೆ ಸೇರಿಸುವ ಕೆಲಸವನ್ನು ಟೂಲ್‌ನ ರೂಲ್‌ಗಳಿಗೆ ಬಿಡಿ. ಆ ಸೌಲಭ್ಯ ಎರಡರಲ್ಲೂ ಇದೆ.

ಅನುಮತಿ ಬಾಯಿಮಾತಿನಲ್ಲಿದ್ದರೆ ಸಾಲದು, ಸಂಘದ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಐಟಿ ಕಾಯ್ದೆ, 2000ರ 66ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲಿಗೆ ಅವಕಾಶವಿದೆ. ವರದಿಯಲ್ಲಿ ಯಾರ ಪಾಸ್‌ವರ್ಡನ್ನೂ ಬರೆಯಬೇಡಿ, ಎಷ್ಟು ಮುರಿದವು ಎಂದಷ್ಟೇ ಹೇಳಿ.