ಮಗುವಿನ ನೆಗಡಿ, ಕೆಮ್ಮಿಗೆ ಹೋದ ಸಲ ಉಳಿದ ಆಂಟಿಬಯೋಟಿಕ್ ಕೊಡಬಹುದಾ?

ದಯವಿಟ್ಟು ಕೊಡಬೇಡಿ. ಮೂರು ವರ್ಷದ ಮಗಳಿಗೆ ನಾಲ್ಕು ದಿನದಿಂದ ನೆಗಡಿ, ಕೆಮ್ಮು, ಸಿಂಬಳ ಹಸಿರಾಗಿದೆ, ಡಾಕ್ಟರು ಆಂಟಿಬಯೋಟಿಕ್ ಬರೆಯಲಿಲ್ಲ, ಫ್ರಿಜ್‌ನಲ್ಲಿ ಅರ್ಧ ಬಾಟಲಿ ಇದೆ ಅಂದಿದ್ದೀರಿ. ನಾನು ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಮಳೆಗಾಲ ಬಂತೆಂದರೆ ದಿನಾ ಯಾರಾದರೂ ಇದನ್ನೇ ಕೇಳುತ್ತಾರೆ.

ಮೊದಲು ಆ ಬಾಟಲಿ ಎಸೆಯಿರಿ. ಪುಡಿಗೆ ನೀರು ಬೆರೆಸಿದ ಮೇಲೆ ಅದು ಒಂದು ವಾರ, ಕೆಲವು ಎರಡು ವಾರ ಬರುತ್ತವೆ, ಅಷ್ಟೇ. ಲೇಬಲ್ ಮೇಲಿನ ಎಕ್ಸ್‌ಪೈರಿ ತಾರೀಖು ಬರೀ ಪುಡಿಗೆ. ಇನ್ನು ಸಿಂಬಳ ಹಸಿರಾಗುವುದು ವೈರಸ್ ನೆಗಡಿಯಲ್ಲೂ ಮಾಮೂಲಿ. ವೈರಸ್‌ಗೆ ಆಂಟಿಬಯೋಟಿಕ್ ತಾಗುವುದೇ ಇಲ್ಲ.

ನನ್ನ ಮಗನಿಗೆ ಎರಡು ವರ್ಷವಿದ್ದಾಗ ನಾನೇ ಈ ತಪ್ಪು ಮಾಡಿದ್ದೆ. ಜ್ವರದ ಮೂರನೇ ದಿನ ಅಂಗಡಿಯಿಂದ ಬಾಟಲಿ ತಂದು ಕುಡಿಸಿದೆ. ಮರುದಿನ ಜ್ವರ ಬಿಟ್ಟಿತು. ಔಷಧಿಯಿಂದಲೇ ಅಂದುಕೊಂಡೆ. ಆದರೆ ವೈರಲ್ ಜ್ವರ ಸಾಮಾನ್ಯವಾಗಿ ಮೂರು ನಾಲ್ಕು ದಿನಕ್ಕೆ ತಾನಾಗೇ ಇಳಿಯುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಕೆಮ್ಮು ಹಾಗೇ ಉಳಿಯಿತು, ಜೊತೆಗೆ ಭೇದಿ ಹತ್ತಿಕೊಂಡಿತು. ಕೂಸು ಎರಡು ದಿನ ಅನ್ನ ಮುಟ್ಟಲಿಲ್ಲ. ಈಗಲೂ ನೆನೆದರೆ ಕರುಳು ಚುರ್ ಅನ್ನುತ್ತದೆ. ಹೀಗೆ ಸುಮ್ನೆ ಕೊಟ್ಟಾಗೆಲ್ಲ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮಗುವಿನ ಮೈಯಲ್ಲೇ ಉಳಿದು ಬೆಳೆಯುತ್ತವೆ. ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್‌ಗಳನ್ನು ಮಾರಿದರೆ ರೋಗಿಯ, ಡಾಕ್ಟರ ಹೆಸರನ್ನು ನಾವು ರಿಜಿಸ್ಟರ್‌ನಲ್ಲಿ ಬರೆದಿಡಬೇಕು ಅಂತ 2014ರಿಂದ ಕಾನೂನೇ ಇದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಅವಳು ನಿದ್ದೆ ಹೋದಾಗ ಅಂಗಿ ಮೇಲೆತ್ತಿ, ಫೋನಿನಲ್ಲಿ ಟೈಮರ್ ಇಟ್ಟು, ಹೊಟ್ಟೆ ಎಷ್ಟು ಸಲ ಏರಿಳಿಯುತ್ತದೆ ಅಂತ ಪೂರ್ತಿ ಒಂದು ನಿಮಿಷ ಎಣಿಸಿ. ಅಳುವಾಗ, ಮೈ ಕಾದಿರುವಾಗ ಎಣಿಸಿದರೆ ಲೆಕ್ಕ ಜಾಸ್ತಿ ಬರುತ್ತದೆ. ಅವಳ ವಯಸ್ಸಿಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನ್ಯುಮೋನಿಯಾ ಇರಬಹುದು, ಡಾಕ್ಟರಿಗೆ ತೋರಿಸಿ. (ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗಾದರೆ 50.) ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ನೀರೂ ಕುಡಿಯದಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಆಗ ಡಾಕ್ಟರು ಆಂಟಿಬಯೋಟಿಕ್ ಬರೆದರೆ ಹಿಂದೆಮುಂದೆ ನೋಡದೆ, ಹೇಳಿದಷ್ಟು ದಿನ ಕೊಡಿ.

ಇದ್ಯಾವುದೂ ಇಲ್ಲ, ಆಟ ಆಡುತ್ತಿದ್ದಾಳೆ ಅಂದರೆ ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ಕೊಡಿ. ಒಂದು ವರ್ಷ ದಾಟಿದ ಮಕ್ಕಳಿಗೆ ಕೊಡಬಹುದು. ಮೂಗು ಕಟ್ಟಿದ್ದರೆ ಸಲೈನ್ ಡ್ರಾಪ್ಸ್ ಸಾಕು. ಕೆಮ್ಮು ಎರಡು ವಾರ, ಕೆಲವೊಮ್ಮೆ ಮೂರು ವಾರ ಎಳೆಯುತ್ತದೆ. ಅದಕ್ಕೂ ಮೀರಿದರೆ, ಇಲ್ಲವೇ ಬಿಟ್ಟ ಜ್ವರ ಮತ್ತೆ ಬಂದರೆ, ಅದೇ ಡಾಕ್ಟರಿಗೇ ಇನ್ನೊಮ್ಮೆ ತೋರಿಸಿ.